ಒಂದೇ ವರ್ತನೆಗೆ ಹಲವು ವಿವರಣೆ: ಆಪ್ತಸಮಾಲೋಚನೆಯಲ್ಲಿ ನಾನು ಅನುಸರಿಸುವ ಕ್ರಮ

ಮನೋವಿಜ್ಞಾನದ ಪಠ್ಯಗಳಲ್ಲಿ ಜೈವಿಕ, ವರ್ತನಾವಾದಿ, ಸಂಜ್ಞಾನಾತ್ಮಕ, ಮನೋವಿಶ್ಲೇಷಣಾತ್ಮಕ, ಮಾನವತಾವಾದಿ, ಸಾಮಾಜಿಕ-ಸಾಂಸ್ಕೃತಿಕ ದೃಷ್ಟಿಕೋನಗಳು ಒಂದೊಂದು ಅಧ್ಯಾಯವಾಗಿ ಬರುತ್ತವೆ. ಪರೀಕ್ಷೆಗೆಂದು ಓದುವವರಿಗೆ ಅವು ಪರಸ್ಪರ ಜಗಳಕ್ಕೆ ನಿಂತ ಪಂಥಗಳಂತೆ ಕಾಣುತ್ತವೆ. ಇತಿಹಾಸದಲ್ಲಿ ಆ ಜಗಳ ನಡೆದದ್ದೂ ನಿಜ. ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತ ನಾನು ಕಂಡುಕೊಂಡಿರುವುದೇನೆಂದರೆ, ಪ್ರತಿಯೊಂದು ದೃಷ್ಟಿಕೋನವೂ ಮನುಷ್ಯನ ವರ್ತನೆಯ ಬಗ್ಗೆ ಬೇರೆಯದೇ ಪ್ರಶ್ನೆಯನ್ನು ಕೇಳುತ್ತದೆ, ಮತ್ತು ಯಾವ ಪ್ರಶ್ನೆಯನ್ನು ಯಾವಾಗ ಕೇಳಬೇಕೆಂದು ನಿರ್ಧರಿಸುವುದೇ ನನ್ನ ಕೆಲಸದ ಬಹುಪಾಲು.

ಗುರುತು ಸಿಗದಂತೆ ಹಲವರ ವಿವರಗಳನ್ನು ಬೆರೆಸಿ ಒಂದು ಉದಾಹರಣೆಯನ್ನು ಮುಂದಿಡುತ್ತೇನೆ. ಕೆಲಸದಲ್ಲಿ ಚುರುಕಾಗಿರುವ ಒಬ್ಬ ಮಹಿಳೆಗೆ ಸಭೆಗಳಲ್ಲಿ ಮಾತನಾಡುವ ಸರದಿ ಬಂದಾಗ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಗಂಟಲು ಕಟ್ಟುತ್ತದೆ. ಸಭೆಯಿರುವ ದಿನ ರಜೆ ಹಾಕುವುದು, ತಾವೇ ಸಿದ್ಧಪಡಿಸಿದ ವರದಿಯನ್ನು ಸಹೋದ್ಯೋಗಿಯ ಕೈಗೆ ಕೊಟ್ಟು ಅವರಿಂದಲೇ ಮಂಡಿಸುವುದು ಅವರಿಗೆ ರೂಢಿಯಾಗಿಬಿಟ್ಟಿದೆ.

ನಾನು ಮೊದಲು ದೇಹವನ್ನು ವಿಚಾರಿಸುತ್ತೇನೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ನಡುಕ, ಬೆವರು, ತೀವ್ರ ಎದೆಬಡಿತ ಕಾಣಿಸಿಕೊಳ್ಳುತ್ತವೆ. ಅತಿಯಾದ ಕೆಫೀನ್, ನಿದ್ರೆಯ ಕೊರತೆ ಮತ್ತು ಕೆಲವು ಔಷಧಿಗಳಿಂದಲೂ ಇಂತಹ ಲಕ್ಷಣಗಳು ಬರಬಹುದು. ಆದ್ದರಿಂದ ವೈದ್ಯರ ತಪಾಸಣೆ ಆಗಿದೆಯೇ ಎಂದು ಕೇಳದೆ ನಾನು ಮುಂದೆ ಹೋಗುವುದಿಲ್ಲ. ಜೈವಿಕ, ಮಾನಸಿಕ, ಸಾಮಾಜಿಕ ಅಂಶಗಳನ್ನು ಒಟ್ಟಿಗೆ ನೋಡಬೇಕೆಂದು ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ವಾದಿಸಿದರು. ಆ ಮಾತನ್ನು ಎಲ್ಲರೂ ಒಪ್ಪುತ್ತಾರೆ, ಆದರೆ ಎಲ್ಲಿಂದ ಆರಂಭಿಸಬೇಕೆಂಬುದನ್ನು ಮಾತ್ರ ಆ ಮಾದರಿ ಹೇಳಿಕೊಡುವುದಿಲ್ಲ.

ದೇಹದ ಕಡೆಯಿಂದ ತೊಂದರೆಯಿಲ್ಲವೆಂದು ತಿಳಿದ ಮೇಲೆ ನಾನು ವರ್ತನಾವಾದದ ಪ್ರಶ್ನೆಗೆ ಬರುತ್ತೇನೆ: ಈ ವರ್ತನೆಯ ಹಿಂದೆ ಏನಿತ್ತು, ಮುಂದೆ ಏನಾಯಿತು? ಮನಸ್ಸಿನೊಳಗನ್ನು ಬದಿಗಿಟ್ಟು ಕಣ್ಣಿಗೆ ಕಾಣುವ ವರ್ತನೆಯನ್ನೇ ಅಧ್ಯಯನ ಮಾಡಬೇಕೆಂದು ಜಾನ್ ವಾಟ್ಸನ್ 1913ರಲ್ಲಿ ಹಠ ಹಿಡಿದದ್ದು ಈಗ ಸಂಕುಚಿತವಾಗಿ ತೋರಬಹುದು. ಆದರೂ ಆ ಪರಂಪರೆಯಿಂದ ಬಂದ ಮೂರು ಕಲಮುಗಳ ಸರಳ ಹಾಳೆಯಷ್ಟು ಉಪಯುಕ್ತವಾದ ಸಾಧನ ನನ್ನ ಬಳಿ ಮತ್ತೊಂದಿಲ್ಲ. ಈ ಮಹಿಳೆ ತುಂಬಿಸಿ ತಂದ ಹಾಳೆಯ ಮೊದಲ ಕಲಮಿನಲ್ಲಿ ‘ಸಭೆಯ ಸೂಚನೆ ಬಂತು’, ಎರಡನೆಯದರಲ್ಲಿ ‘ರಜೆ ಹಾಕಿದೆ’, ಮೂರನೆಯದರಲ್ಲಿ ‘ಹಾಯೆನಿಸಿತು’ ಎಂದಿತ್ತು. ಆ ‘ಹಾಯೆನಿಸಿತು’ ಎಂಬುದೇ ಇಡೀ ವಿವರಣೆಯ ಕೀಲಿ. ಅಹಿತಕರವಾದುದು ದೂರವಾದಾಗ ಅದನ್ನು ದೂರ ಮಾಡಿದ ವರ್ತನೆ ಬಲಗೊಳ್ಳುತ್ತದೆ. ಇದನ್ನೇ ವರ್ತನಾವಾದಿ ಬಿ. ಎಫ್. ಸ್ಕಿನ್ನರ್ ಋಣಾತ್ಮಕ ಪ್ರಬಲನವೆಂದು ಕರೆದರು. ಬಹಳ ಮಂದಿ ಇದನ್ನು ಶಿಕ್ಷೆಯೆಂದು ತಪ್ಪಾಗಿ ತಿಳಿಯುತ್ತಾರೆ, ಆದರೆ ಇದರ ಪರಿಣಾಮ ಶಿಕ್ಷೆಗೆ ತೀರಾ ವಿರುದ್ಧವಾದುದು. ಪ್ರತಿ ರಜೆಯೂ ಮುಂದಿನ ರಜೆಯನ್ನು ಸುಲಭಗೊಳಿಸುತ್ತದೆ, ಭಯ ಸುಳ್ಳೆಂದು ತಿಳಿಯುವ ಅವಕಾಶ ಅಷ್ಟರಮಟ್ಟಿಗೆ ಕೈತಪ್ಪುತ್ತದೆ. ಇದು ಅರ್ಥವಾದ ಕೂಡಲೇ ‘ನಾನು ಹೇಡಿ’ ಎಂಬ ಅವರ ಮಾತಿನ ಬಿಸಿ ಎಷ್ಟೋ ಕಡಿಮೆಯಾಯಿತು.

ಆದರೆ ರಜೆ ಹಾಕದೆ ಸಭೆಗೆ ಹೋದ ದಿನಗಳಲ್ಲಿಯೂ ಅವರ ಭಯ ಇಳಿದಿರಲಿಲ್ಲ. ಇಲ್ಲಿ ವರ್ತನಾವಾದದ ಹಾಳೆ ಸಾಲುವುದಿಲ್ಲ. ಆ ಕ್ಷಣದಲ್ಲಿ ತಲೆಯೊಳಗೆ ಏನು ನಡೆಯುತ್ತಿದೆಯೆಂದು ಕೇಳಲೇಬೇಕಾಗುತ್ತದೆ. ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯನ್ನು ಕುರಿತು ರೂಪಿಸಿದ ಸಂಜ್ಞಾನಾತ್ಮಕ ಕ್ರಮವನ್ನು, ಅಂದರೆ ಆಲೋಚನೆಗಳನ್ನೇ ಪರಿಶೀಲಿಸುವ ಕ್ರಮವನ್ನು, ಮುಂದೆ ಹಲವರು ಆತಂಕಕ್ಕೂ ಅಳವಡಿಸಿದರು. ಸಾಮಾಜಿಕ ಆತಂಕದ ಬಗ್ಗೆ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮಂಡಿಸಿದ ಮಾದರಿಯನ್ನು ನಾನು ಹೆಚ್ಚಾಗಿ ಬಳಸುತ್ತೇನೆ. ಅದರ ಪ್ರಕಾರ, ಭಯಪಟ್ಟವರ ಗಮನ ಎದುರಿಗಿರುವವರನ್ನು ಬಿಟ್ಟು ತಮ್ಮೊಳಕ್ಕೇ ತಿರುಗುತ್ತದೆ, ಮತ್ತು ಒಳಗೆ ಅನಿಸಿದ್ದೆಲ್ಲ ಹೊರಗೂ ಹಾಗೆಯೇ ಕಾಣುತ್ತಿದೆಯೆಂದು ಅವರು ನಂಬುತ್ತಾರೆ. ನಡುಕ ಕಾಣದಿರಲೆಂದು ಈಕೆ ಪೆನ್ನನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ತೊದಲಬಾರದೆಂದು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲೇ ಹೇಳಿಕೊಂಡು ಆಮೇಲೆ ಆಡುತ್ತಿದ್ದರು. ಬಿಗಿ ಹಿಡಿತದಿಂದ ಕೈಯ ನಡುಕ ಹೆಚ್ಚುತ್ತಿತ್ತು, ಗಿಣಿಪಾಠದಿಂದ ಚರ್ಚೆಯ ಎಳೆ ತಪ್ಪುತ್ತಿತ್ತು. ಸಭೆ ಕೆಡದೆ ಮುಗಿದರೆ ಅದರ ಶ್ರೇಯಸ್ಸು ಮಾತ್ರ ಪೆನ್ನಿಗೆ ಸಲ್ಲುತ್ತಿತ್ತು.

ಹಾಗಾಗಿ ನಾವು ನನ್ನ ಕೊಠಡಿಯಲ್ಲೇ ಒಂದು ಪ್ರಯೋಗ ಮಾಡಿದೆವು. ಒಮ್ಮೆ ಪೆನ್ನು ಹಿಡಿದು, ವಾಕ್ಯಗಳನ್ನು ಒಳಗೊಳಗೇ ತಿದ್ದಿಕೊಳ್ಳುತ್ತ ಅವರು ಕೆಲವು ನಿಮಿಷ ಮಾತನಾಡಿದರು. ಇನ್ನೊಮ್ಮೆ ಕೈಗಳನ್ನು ಮೇಜಿನ ಮೇಲೆ ಸಡಿಲವಾಗಿಟ್ಟು, ಗಮನವನ್ನು ನನ್ನ ಮುಖದ ಮೇಲಿರಿಸಿ ಮಾತನಾಡಿದರು. ಎರಡನ್ನೂ ವಿಡಿಯೊ ಮಾಡಿಕೊಂಡೆವು. ನೋಡುವ ಮೊದಲು ಏನು ಕಾಣಿಸೀತೆಂದು ಬರೆಯಲು ಕೇಳಿದಾಗ, ‘ಮುಖ ಕೆಂಪಾಗಿರುತ್ತದೆ, ಕೈ ನಡುಗುವುದು ಯಾರಿಗಾದರೂ ಗೊತ್ತಾಗುತ್ತದೆ’ ಎಂದು ಬರೆದರು. ವಿಡಿಯೊದಲ್ಲಿ ಅವರಿಗೆ ಕಂಡದ್ದು ಸ್ವಲ್ಪ ಅವಸರದಲ್ಲಿ ಮಾತನಾಡುವ ಒಬ್ಬ ಸಾಧಾರಣ ಉದ್ಯೋಗಿ. ಮೊದಲೇ ಬರೆಸುವುದು ಇಲ್ಲಿ ಬಹಳ ಮುಖ್ಯ. ಬರೆಸದಿದ್ದರೆ ಊಹೆ ಆಮೇಲೆ ತನ್ನ ಆಕಾರವನ್ನೇ ಬದಲಿಸಿಕೊಂಡು ತಾನೇ ಸರಿಯೆಂದು ಸಾಧಿಸುತ್ತದೆ.

ಮನೋವಿಶ್ಲೇಷಣೆಯ ಪರಂಪರೆಯನ್ನು ನಾನು ಮಿತವಾಗಿ ಬಳಸುತ್ತೇನೆ. ಬಾಲ್ಯದ ಕಾರಣಗಳನ್ನು ಅಗೆಯುವುದರಲ್ಲಿ ತಿಂಗಳುಗಳು ಕಳೆಯಬಹುದು, ಮತ್ತು ಚೆನ್ನಾಗಿ ಹೊಂದಿಕೊಳ್ಳುವ ಕಥೆಯೆಲ್ಲ ನಿಜವಾದ ಕಾರಣವಾಗಿರಬೇಕೆಂದಿಲ್ಲ. ಆದರೆ ಫ್ರಾಯ್ಡ್ ಗುರುತಿಸಿದ ಒಂದು ಸಂಗತಿಯನ್ನು, ಅಂದರೆ ಹಳೆಯ ಸಂಬಂಧಗಳ ಮಾದರಿ ಚಿಕಿತ್ಸಕರೊಂದಿಗಿನ ಸಂಬಂಧದಲ್ಲೂ ಮರುಕಳಿಸುತ್ತದೆಂಬುದನ್ನು, ನಾನು ಎಂದೂ ಕಡೆಗಣಿಸುವುದಿಲ್ಲ. ಈಕೆ ಪ್ರತಿ ಉತ್ತರದ ಕೊನೆಗೆ ‘ಸರಿಯಾಗಿ ಹೇಳಿದೆನೇ ಮೇಡಂ?’ ಎಂದು ಕೇಳುತ್ತಿದ್ದರು. ಅದನ್ನು ಮೆಲ್ಲಗೆ ಎತ್ತಿ ತೋರಿಸಿದಾಗ, ತಂದೆಯೆದುರು ತಪ್ಪುತ್ತರ ಕೊಡಲು ಹೆದರುತ್ತಿದ್ದ ದಿನಗಳ ಮಾತು ತಾನಾಗಿಯೇ ಬಂತು. ನಾನು ಅದನ್ನು ಅಲ್ಲಿಗೇ ಬಿಟ್ಟೆ. ‘ಸರಿ’ ಎಂಬ ಮುದ್ರೆಯನ್ನು ಒತ್ತುವುದನ್ನು ಮಾತ್ರ ನಿಲ್ಲಿಸಿದೆ.

ಮಾನವತಾವಾದಿ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1957ರಲ್ಲಿ ಹೇಳಿದ ಪರಾನುಭೂತಿ (ಇನ್ನೊಬ್ಬರ ಅನುಭವವನ್ನು ಅವರ ದೃಷ್ಟಿಯಿಂದಲೇ ಅರಿಯುವುದು), ಷರತ್ತಿಲ್ಲದ ಸ್ವೀಕಾರ ಮತ್ತು ಚಿಕಿತ್ಸಕರ ಪ್ರಾಮಾಣಿಕತೆ ನನಗೆ ಎಲ್ಲ ಹಂತಗಳಲ್ಲೂ ಬೇಕು. ಬದಲಾವಣೆಗೆ ಇಂಥವು ಅವಶ್ಯಕವೆಂದಷ್ಟೇ ಅಲ್ಲ, ಅಷ್ಟೇ ಸಾಕೆಂದೂ ಅವರು ವಾದಿಸಿದರು. ಈ ಎರಡನೆಯ ಮಾತನ್ನು ನಾನು ಒಪ್ಪಲಾರೆ. ವಿಕಾಸವಾದಿ ವಿವರಣೆಯಂತೂ ಕೇಳಲು ಸೊಗಸು: ಗುಂಪಿನಿಂದ ಹೊರಬಿದ್ದವರು ಬದುಕುಳಿಯುವುದು ಕಷ್ಟವಾಗಿದ್ದ ಕಾಲದಲ್ಲಿ ಇತರರ ತೀರ್ಪಿಗೆ ಹೆದರುವುದು ಉಪಯುಕ್ತವಾಗಿದ್ದಿರಬಹುದು. ಸಲಹಾರ್ಥಿಯ ನಾಚಿಕೆಯನ್ನು ಅದು ತಗ್ಗಿಸುತ್ತದೆ, ಆದರೆ ನಾಳೆ ಏನು ಮಾಡಬೇಕೆಂದು ಹೇಳುವುದಿಲ್ಲ.

ಸಾಮಾಜಿಕ-ಸಾಂಸ್ಕೃತಿಕ ಪ್ರಶ್ನೆಯನ್ನು ಮಾತ್ರ ನಾನು ಹಟದಿಂದ ಕೇಳುತ್ತೇನೆ. ವರ್ತನಾ ವಿಜ್ಞಾನಗಳ ಅಧ್ಯಯನಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ, ಶ್ರೀಮಂತ ಸಮಾಜಗಳ ವಿದ್ಯಾವಂತರನ್ನೇ ಆಧರಿಸಿವೆಯೆಂದು ಜೋಸೆಫ್ ಹೆನ್ರಿಚ್ ಮತ್ತು ಸಂಗಡಿಗರು 2010ರಲ್ಲಿ ಎಚ್ಚರಿಸಿದ್ದಾರೆ. ದೊಡ್ಡವರೆದುರು ಮೌನವಾಗಿರುವುದು ಒಂದು ಸಮಾಜದಲ್ಲಿ ಕೊರತೆಯಾದರೆ ಇನ್ನೊಂದರಲ್ಲಿ ಸಭ್ಯತೆ. ಅಷ್ಟೇ ಅಲ್ಲ, ಈ ಮಹಿಳೆಯ ತಂಡದ ಮುಖ್ಯಸ್ಥರು ತಪ್ಪು ಮಾಡಿದವರನ್ನು ಎಲ್ಲರೆದುರು ಹಾಸ್ಯ ಮಾಡುತ್ತಿದ್ದರೆಂಬುದು ನಾನು ಕೇಳಿದ ಮೇಲೆಯೇ ಹೊರಬಂದ ಸಂಗತಿ. ಹಾಗಿದ್ದಲ್ಲಿ ಭಯವೆಲ್ಲವೂ ಆಲೋಚನೆಯ ದೋಷವೆನ್ನುವುದು ಅನ್ಯಾಯವಾಗುತ್ತದೆ. ಚರ್ಚೆಯ ವಿಷಯಗಳನ್ನು ಹಿಂದಿನ ದಿನವೇ ತಿಳಿಸಬೇಕೆಂದು ಲಿಖಿತವಾಗಿ ಕೋರುವುದನ್ನೂ ಆದ್ದರಿಂದ ನಮ್ಮ ಯೋಜನೆಯಲ್ಲಿ ಸೇರಿಸಿದೆವು.

ಇಷ್ಟನ್ನೂ ನಾನು ಒಂದೇ ಪುಟದಲ್ಲಿ ಬರೆದು ಸಲಹಾರ್ಥಿಯ ಮುಂದಿಡುತ್ತೇನೆ. ಎಲ್ಲ ದೃಷ್ಟಿಕೋನಗಳನ್ನೂ ಏಕಕಾಲಕ್ಕೆ ಅನ್ವಯಿಸಿದರೆ ಯಾವುದರಿಂದ ಏನಾಯಿತೆಂಬುದೇ ತಿಳಿಯುವುದಿಲ್ಲವಾದ್ದರಿಂದ, ಯಾವ ವಿವರಣೆ ಈ ವಾರ ಪರೀಕ್ಷಿಸಬಹುದಾದ ಒಂದು ಕೆಲಸವನ್ನು ಸೂಚಿಸುತ್ತದೆಯೋ ಅದನ್ನೇ ಮೊದಲು ಹಿಡಿಯುತ್ತೇನೆ. ಈ ಪ್ರಕರಣದಲ್ಲಿ ಪೆನ್ನಿಲ್ಲದೆ ಒಂದು ಪ್ರಶ್ನೆ ಕೇಳಿ ಬರುವುದೇ ಮೊದಲ ಕೆಲಸವಾಗಿತ್ತು. ವಾರಗಳು ಕಳೆದರೂ ಹಾಳೆಯ ಮೂರನೆಯ ಕಲಮು ಬದಲಾಗದಿದ್ದರೆ ಮತ್ತೆ ದೇಹದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.