ಕ್ವಾಡ್ ಮೇಲೆ ಪೇಂಟ್‌ಬಾಲ್ ಆಡೋಕೆ ಹೋಗಿ ನಾವು ಕಲಿತಿದ್ದು

ಬಣ್ಣ ತುಂಬಿದ ಸಣ್ಣ ಬಾಲ್ ಹೊಡೆದು ಎದುರಾಳಿನ ಔಟ್ ಮಾಡೋ ಪೇಂಟ್‌ಬಾಲ್ ಆಡೋಕೆ ಶುರು ಮಾಡಿ ನನಗೆ ಏಳೆಂಟು ವರ್ಷ ಆಯ್ತು, ಆಫ್‌ರೋಡ್ ಗಾಡಿ ಓಡಿಸೋದು ಅದಕ್ಕಿಂತ ಹಳೇ ಹುಚ್ಚು. ಎರಡನ್ನೂ ಸೇರಿಸಿದ್ರೆ ಹೇಗಿರತ್ತೆ ಅಂತ ನಮ್ಮ ಗ್ಯಾಂಗಲ್ಲಿ ಒಬ್ಬ ಬಾಯಿಬಿಟ್ಟಿದ್ದೇ ತಡ, ಮುಂದಿನ ಭಾನುವಾರ ಎರಡು ಕ್ವಾಡ್ (ಬೈಕ್ ಥರ ಹ್ಯಾಂಡಲ್ ಇರೋ ನಾಲ್ಕು ಚಕ್ರದ ಗಾಡಿ), ಒಂದು ಸೈಡ್ ಬೈ ಸೈಡ್ ಗಾಡಿ (ಪಕ್ಕಪಕ್ಕ ಸೀಟ್ ಇರೋ ಆಫ್‌ರೋಡ್ ಗಾಡಿ), ಆರು ಮಾರ್ಕರ್ (ಬಾಲ್ ಹೊಡೆಯೋ ಗನ್) ತಗೊಂಡು ಪರಿಚಯದವರೊಬ್ಬರ ಖಾಲಿ ಜಾಗಕ್ಕೆ ಹೋಗೇಬಿಟ್ವಿ. ಮಾಸ್ಕ್ ಇತ್ತು, ಹೆಲ್ಮೆಟ್ ಇತ್ತು, ಜಾಗದ ಓನರ್ ಬಾಯಿಮಾತಲ್ಲಿ ಹೂಂ ಅಂದಿದ್ರು, ಇನ್ನೇನು ಬೇಕು ಅನ್ಕೊಂಡಿದ್ವಿ. ಬೇಕಾಗಿದ್ದು ಬಹಳ ಇತ್ತು.

ಮೂರನೇ ರೌಂಡ್. ನಾನು ಒಂದು ಮಣ್ಣಿನ ದಿಬ್ಬದ ಹಿಂದೆ ಮಂಡಿಯೂರಿ ಕೂತಿದ್ದೆ, ನನ್ನ ಗೆಳೆಯ ಕ್ವಾಡ್‌ನಲ್ಲಿ ಇಳಿಜಾರಿಗೆ ಅಡ್ಡಡ್ಡ ಬರ್ತಿದ್ದ, ಸ್ಪೀಡ್ ಅಂದ್ರೆ 25 ಕಿ.ಮೀ. ಇರಬಹುದು, ಅದಕ್ಕಿಂತ ಜಾಸ್ತಿ ಇರಲಿಲ್ಲ. ನಾನು ಎದೆಗೆ ಗುರಿ ಇಟ್ಟು ಹೊಡೆದೆ, ಗಾಡಿ ಒಂದು ಹಳ್ಳಕ್ಕೆ ಇಳಿದು ಅವನ ತಲೆ ತಗ್ಗಿತು, ಬಾಲ್ ಸೀದಾ ಅವನ ಮಾಸ್ಕ್‌ನ ಲೆನ್ಸ್ ಮೇಲೆ ಒಡೀತು. ಹಸಿರು ಬಣ್ಣ ಪೂರ್ತಿ ಮುಚ್ಕೊಂಡಿತು. "ಲೋ ಏನೂ ಕಾಣ್ತಿಲ್ಲ ಕಣೋ" ಅಂತ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸ್ತು. ಒರೆಸ್ಕೊಳ್ಳೋಕೆ ಎಡಗೈ ಎತ್ತಿದ, ಬಲಗೈ ಒಂದರಲ್ಲೇ ಹ್ಯಾಂಡಲ್ ಬಿಗಿಯಾಗಿ ಹಿಡ್ಕೊಂಡ, ಕ್ವಾಡ್‌ನಲ್ಲಿ ಆಕ್ಸಿಲರೇಟರ್ ಇರೋದು ಬಲಗೈ ಹೆಬ್ಬೆರಳಿಗೆ, ಬಿಗಿ ಹಿಡಿದಾಗ ಅದೂ ಒತ್ತಿಹೋಯ್ತು. ಮೇಲ್ಬದಿಯ ಮುಂದಿನ ಚಕ್ರ ಒಂದು ಮರದ ಬುಡದ ಮೇಲೆ ಹತ್ತಿತು, ಗಾಡಿ ಕೆಳಗಡೆಗೆ ಮಗುಚ್ಕೊಂಡು ಎರಡು ಸಲ ಉರುಳಿತು. ಅವನು ಮೇಲ್ಬದಿಗೆ ಬಿದ್ದ, ಕಾಲರ್ ಬೋನ್ ಮುರೀತು. ಕೆಳಗಡೆ ಬಿದ್ದಿದ್ರೆ ಮುನ್ನೂರು ಕೆ.ಜಿ. ಹತ್ತಿರದ ಗಾಡಿ ಅವನ ಮೇಲೇ ಹೋಗ್ತಿತ್ತು. ಹೊಡೆದವನು ನಾನು. ಆ ಒಂದು ಗುರಿ ಈಗಲೂ ನನಗೆ ಕಣ್ಮುಂದೆ ಬರತ್ತೆ.

ಪೇಂಟ್‌ಬಾಲ್ ಅಂದ್ರೆ ಎಲ್ಲರೂ ಬಾಲ್ ಬಗ್ಗೆ ಹೆದರ್ತಾರೆ, ಬರೆ ಬೀಳತ್ತೆ, ಕಣ್ಣಿಗೆ ಬಿದ್ರೆ ಗತಿಯೇನು ಅಂತ. ಕಣ್ಣಿನ ಭಯ ಸರಿಯಾದದ್ದೇ. ಆದ್ರೆ ಗಾಡಿ ಸೇರಿಕೊಂಡ ಮೇಲೆ ದೊಡ್ಡ ಅಪಾಯ ಗಾಡಿನೇ. ನೆಲದ ಮೇಲೆ ನಿಂತವನ ಲೆನ್ಸ್‌ಗೆ ಬಣ್ಣ ಬಿದ್ರೆ ಅವನು ಔಟ್ ಅಷ್ಟೇ, ಕೈ ಎತ್ತಿ ಆಚೆ ನಡೀತಾನೆ. 25 ಕಿ.ಮೀ. ಸ್ಪೀಡಲ್ಲಿ ಹೋಗೋನು ಎರಡು ಸೆಕೆಂಡ್ ಕುರುಡಾದ್ರೆ 14 ಮೀಟರ್ ದಾಟಿರ್ತಾನೆ, ಆ 14 ಮೀಟರ್‌ನಲ್ಲಿ ಏನಿದೆ ಅಂತ ಅವನಿಗೆ ಗೊತ್ತಿರಲ್ಲ. ಅದರ ಮೇಲೆ ಕ್ವಾಡ್ ಅನ್ನೋದು ಮೈ ಭಾರ ಆ ಕಡೆ ಈ ಕಡೆ ವಾಲಿಸ್ತಾ ಎರಡೂ ಕೈಯಲ್ಲಿ ಓಡಿಸಬೇಕಾದ ಗಾಡಿ. ಒಂದು ಕೈಯಲ್ಲಿ ಮಾರ್ಕರ್ ಹಿಡಿದು ಓಡಿಸ್ತೀನಿ ಅನ್ನೋರು, ದಯವಿಟ್ಟು ಬೇಡ. ಹಿಂದೆ ಶೂಟರ್‌ನ ಕೂರಿಸ್ಕೊಳ್ಳೋದೂ ಬೇಡ, ಹೆಚ್ಚಿನ ಕ್ವಾಡ್‌ಗಳು ಒಬ್ಬರಿಗೇ ಅಂತ ಮಾಡಿರೋದು, ಹಿಂದೊಬ್ಬ ಕೂತು ಆ ಕಡೆ ಈ ಕಡೆ ತಿರುಗಿ ಗುರಿ ಇಡ್ತಿದ್ರೆ ಬ್ಯಾಲೆನ್ಸ್ ಪೂರ್ತಿ ಕೆಡತ್ತೆ.

ಇನ್ನೊಂದು ಲೆಕ್ಕ ನಮಗೆ ಹೊಳೆದೇ ಇರಲಿಲ್ಲ. ಪೇಂಟ್‌ಬಾಲ್ ಫೀಲ್ಡ್‌ಗಳಲ್ಲಿ ಮಾರ್ಕರ್‌ನಿಂದ ಬಾಲ್ ಹೊರಡೋ ಸ್ಪೀಡನ್ನ ಕ್ರೋನೋ ಅನ್ನೋ ಅಳೆಯೋ ಯಂತ್ರದಲ್ಲಿ ನೋಡಿ ಸೆಕೆಂಡಿಗೆ 280ರಿಂದ 300 ಅಡಿ ಒಳಗೆ ಇರಿಸ್ತಾರೆ, 300 ಅಡಿ ಅಂದ್ರೆ ಗಂಟೆಗೆ ಸುಮಾರು 330 ಕಿ.ಮೀ. ಈ ಮಿತಿ ಇಟ್ಟಿರೋದು ಇಬ್ಬರೂ ಕಾಲ್ನಡಿಗೆಯಲ್ಲಿ ಇದ್ದಾರೆ ಅಂತ. ಎರಡು ಗಾಡಿ ಎದುರುಬದುರು 30-30ರಲ್ಲಿ ಬರ್ತಿದ್ರೆ ಬಾಲ್ ಸ್ಪೀಡಿಗೆ 60 ಸೇರತ್ತೆ, ಪೆಟ್ಟಿನ ಶಕ್ತಿ ಸ್ಪೀಡಿನ ವರ್ಗಕ್ಕೆ ತಕ್ಕಂತೆ ಏರೋದ್ರಿಂದ ಅದು ಹತ್ತಿರತ್ತಿರ 40 ಪರ್ಸೆಂಟ್ ಜಾಸ್ತಿ ಆಗತ್ತೆ. 3 ಗ್ರಾಂ ಬಾಲ್‌ಗೆ 12.5 ಜೂಲ್ (ಶಕ್ತಿಯ ಅಳತೆ) ಇದ್ದಿದ್ದು 17 ದಾಟತ್ತೆ. ಕ್ರೋನೋದಲ್ಲಿ ಪಾಸಾದ ಮಾರ್ಕರ್ರೇ ಮೈದಾನದಲ್ಲಿ ಮಿತಿ ಮೀರಿ ಹೊಡೀತಿರತ್ತೆ, ಯಾರಿಗೂ ಗೊತ್ತಾಗಲ್ಲ.

ಮಾಸ್ಕ್ ವಿಷಯದಲ್ಲೂ ನಮ್ಮಲ್ಲಿ ಒಬ್ಬರು ದೊಡ್ಡ ತಪ್ಪು ಮಾಡಿದ್ರು. ಫುಲ್ ಫೇಸ್ ಹೆಲ್ಮೆಟ್ ಒಳಗೆ ಪೇಂಟ್‌ಬಾಲ್ ಮಾಸ್ಕ್ ಕೂರಲ್ಲ ಅಂತ ಡರ್ಟ್ ಬೈಕ್ ಗಾಗಲ್ಸ್ ಹಾಕ್ಕೊಂಡು ಬಂದಿದ್ರು. ಅದು ಧೂಳಿಗೆ, ಚಕ್ರದಿಂದ ಸಿಡಿಯೋ ಕಲ್ಲಿಗೆ ಮಾಡಿರೋದು. ಪೇಂಟ್‌ಬಾಲ್‌ಗೆ ಅಂತಲೇ ಟೆಸ್ಟ್ ಆದ ಮಾಸ್ಕ್ ಬೇಕು, ಅದರ ಮೇಲೆ ಎಎಸ್‌ಟಿಎಂ ಎಫ್1776 (ಪೇಂಟ್‌ಬಾಲ್ ಕಣ್ಣಿನ ರಕ್ಷಣೆಯ ಮಾನದಂಡ) ಅಂತ ಗುರುತು ಇದೆಯಾ ನೋಡ್ಕೊಳ್ಳಿ. ನಾವೀಗ ಓಪನ್ ಫೇಸ್ ಹೆಲ್ಮೆಟ್ ಜೊತೆ ಮಾಸ್ಕ್ ಹಾಕ್ತೀವಿ, ಹಾಕ್ಕೊಂಡ ಮೇಲೆ ತಲೆ ಜೋರಾಗಿ ಅಲ್ಲಾಡಿಸಿ, ಗಲ್ಲದ ಕೆಳಗಿಂದ ಕೈಯಲ್ಲಿ ಮೇಲಕ್ಕೆ ತಳ್ಳಿ ನೋಡ್ತೀವಿ, ಜರುಗಿದ್ರೆ ಅವತ್ತು ಅವರು ಆಡಲ್ಲ.

ಬಾಲ್ ತಳ್ಳೋಕೆ ಮಾರ್ಕರ್‌ಗೆ ಹಾಕೋ ಗ್ಯಾಸ್ ಟ್ಯಾಂಕ್ ಬಗ್ಗೆ ಒಂದೇ ಮಾತು. ಅದರೊಳಗಿನ ಗಾಳಿಯ ಒತ್ತಡ 4500 ಪಿಎಸ್‌ಐ ಅಂದ್ರೆ ಕಾರ್ ಟೈರಿನ ಒತ್ತಡಕ್ಕಿಂತ ನೂರು ಪಟ್ಟಿಗೂ ಜಾಸ್ತಿ, ಅದನ್ನ ಸೈಲೆನ್ಸರ್ ಪಕ್ಕ ಕಟ್ಟಬೇಡಿ, ಸೀಟಿನ ಕೆಳಗೆ ಉರುಳಾಡೋಕೆ ಬಿಡಬೇಡಿ, ಸಿಒ2 ಆದ್ರೆ ಬಿಸಿಗೆ ಒತ್ತಡ ಇನ್ನೂ ಏರತ್ತೆ.

ಈಗ ಕಾನೂನು. ಇದು ನಮಗೆ ಆಸ್ಪತ್ರೆಯಲ್ಲಿ ಗೊತ್ತಾಯ್ತು. ಹೇಗಾಯ್ತು ಅಂತ ಕೇಳಿದ್ರು, ಇದ್ದಿದ್ದು ಇದ್ದಂಗೆ ಹೇಳಿದ್ವಿ. ಆಮೇಲೆ ಇನ್ಶೂರೆನ್ಸ್‌ನವರು ಫೋನ್ ಮಾಡಿ ಮತ್ತೆ ಮತ್ತೆ ಕೇಳಿದ್ದು ಒಂದೇ, ಅದು ಸ್ಪರ್ಧೆನಾ ಅಂತ. ಆ ರಾತ್ರಿ ಕೂತು ಗಾಡಿ ಪಾಲಿಸಿನ ಮೊದಲ ಸಲ ಪೂರ್ತಿ ಓದಿದೆ, ರೇಸ್, ಸ್ಪರ್ಧೆ, ಗಾಡಿಯ ಮಾಮೂಲಿ ಬಳಕೆ ಬಿಟ್ಟು ಬೇರೆ ಬಳಕೆ ಇವಕ್ಕೆ ಕವರ್ ಇಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. ಕೊನೆಗೆ ಗಾಡಿ ರಿಪೇರಿ ದುಡ್ಡು ನಾವೇ ಎಲ್ಲರೂ ಹಂಚ್ಕೊಂಡು ಕೊಟ್ವಿ. ಪೇಂಟ್‌ಬಾಲ್ ಫೀಲ್ಡ್ ಬಾಡಿಗೆಗೆ ತಗೊಂಡು ಆಡ್ತೀವಿ ಅನ್ನೋರೂ ಕೇಳ್ಕೊಳ್ಳಿ, ಫೀಲ್ಡ್‌ನವರ ಪಾಲಿಸಿ ಕಾಲ್ನಡಿಗೆ ಆಟಕ್ಕೆ ಮಾತ್ರ ಇರಬಹುದು, ಗಾಡಿ ಒಳಗೆ ಬಂದ ಕ್ಷಣ ಅದು ಬೇರೆ ಮಾತು.

ಲಾಯರ್ ಪರಿಚಯದವರೊಬ್ಬರ ಹತ್ತಿರ ಹೋಗಿ ಕೂತಾಗ ಅವರು ಮೊದಲು ಕೇಳಿದ್ದು, "ನೀವಿರೋ ಕಡೆ ಮಾರ್ಕರ್‌ನ ಕಾನೂನು ಏನಂತ ಕರೆಯತ್ತೆ, ಆಟದ ಸಾಮಾನು ಅಂತನಾ, ಆಯುಧ ಅಂತನಾ?" ನಮಗೆ ಉತ್ತರ ಗೊತ್ತಿರಲಿಲ್ಲ. ಇದು ಊರಿಂದೂರಿಗೆ ಬೇರೆ. ಜರ್ಮನಿಯಲ್ಲಿ ಲೈಸೆನ್ಸ್ ಇಲ್ಲದೆ ಇಟ್ಕೊಳ್ಳೋ ಮಾರ್ಕರ್ 7.5 ಜೂಲ್ ಮೀರಬಾರದು, 18 ವರ್ಷ ಆಗಿರಬೇಕು, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಇದಕ್ಕೆ ಅಂತಲೇ 2018ರ ಕಾಯ್ದೆ ಇದೆ. ಆಯುಧ ಅಂತ ಲೆಕ್ಕ ಆಗೋ ಕಡೆ ಓಡೋ ಗಾಡಿಯಿಂದ ಹೊಡೆಯೋದೇ ಬೇರೆ ಕೇಸ್ ಆಗಬಹುದು. ನಮ್ಮ ಜಾಗದ ಮಧ್ಯೆ ಒಂದು ಸಾರ್ವಜನಿಕ ಮಣ್ಣುದಾರಿ ಹೋಗ್ತಿತ್ತು, ನಾವು ಮಾಸ್ಕ್ ಹಾಕ್ಕೊಂಡು ಮಾರ್ಕರ್ ಕೈಯಲ್ಲಿ ಹಿಡ್ಕೊಂಡೇ ಅದನ್ನ ಎಷ್ಟೋ ಸಲ ದಾಟಿದ್ವಿ. ದಾರೀಲಿ ಹೋಗೋರು ನೋಡಿದ್ರೆ ಪೊಲೀಸರಿಗೆ ಫೋನ್ ಮಾಡದೇ ಇರ್ತಾರಾ, ಮಾಡಿದ್ರೆ ಅವರದ್ದು ತಪ್ಪೇನಿಲ್ಲ.

ಏನಾದ್ರೂ ಆದ್ರೆ ನಾನೇ ಹೊಣೆ ಅಂತ ಆಡೋರ ಹತ್ತಿರ ಒಂದು ಕಾಗದಕ್ಕೆ ಸಹಿ ಹಾಕಿಸ್ಕೊಂಡ್ರೆ ಆಯ್ತಲ್ಲ ಅಂತ ನಾನೂ ಕೇಳಿದೆ. ಅಪಾಯ ಗೊತ್ತಿದ್ದೂ ಆಡ್ತಿದ್ದೀನಿ ಅನ್ನೋದಕ್ಕೆ ಆ ಕಾಗದ ಸಾಕ್ಷಿ ಆಗಬಹುದು, ಆದ್ರೆ ಘೋರ ನಿರ್ಲಕ್ಷ್ಯ ಅಂತ ಬಂದ್ರೆ ಬಹಳ ಕಡೆ ಕೋರ್ಟ್ ಅದನ್ನ ಒಪ್ಪಲ್ಲ, ಹದಿನೆಂಟು ತುಂಬದವರ ಸಹಿಗಂತೂ ಬೆಲೆನೇ ಕಮ್ಮಿ. ಜೊತೆಗೆ ಲಾಯರ್ ಕ್ವಾಡ್‌ನ ಫೋಟೋ ದೊಡ್ಡದು ಮಾಡಿ ಮಡ್‌ಗಾರ್ಡ್ ಮೇಲಿನ ಸ್ಟಿಕರ್ ತೋರಿಸಿದ್ರು. ಹಿಂದೆ ಯಾರನ್ನೂ ಕೂರಿಸಬೇಡಿ, 16 ವರ್ಷದ ಒಳಗಿನವರು ಓಡಿಸಬಾರದು ಅಂತ ಇತ್ತು, ಅಂಚು ಕಿತ್ತು ಮಣ್ಣು ಮೆತ್ತಿತ್ತು, ಆದ್ರೂ ಓದೋಕೆ ಬರ್ತಿತ್ತು. "ಎದುರು ಪಾರ್ಟಿ ಲಾಯರ್ ಮೊದಲು ತರೋದೇ ಇದನ್ನ" ಅಂದ್ರು. ಜಾಗದ ಓನರ್ ಹೆಸರೂ ಕೇಸಲ್ಲಿ ಬರಬಹುದಿತ್ತು ಅಂತ ಗೊತ್ತಾದಾಗ ನಿಜಕ್ಕೂ ಬೇಜಾರಾಯ್ತು, ಆ ಮನುಷ್ಯ ನಮ್ಮನ್ನ ನಂಬಿ ಗೇಟ್ ತೆಗೆದಿದ್ರು ಅಷ್ಟೇ.

ಪೂರ್ತಿ ಬಿಟ್ಟುಬಿಡೋಣ ಅಂತ ಅರ್ಧ ಜನ ಅಂದ್ರು. ಬಿಡಲಿಲ್ಲ, ಆದ್ರೆ ಆಟನೇ ಬೇರೆ ಮಾಡ್ಕೊಂಡ್ವಿ. ಕ್ವಾಡ್ ಬಂದ್. ಸೈಡ್ ಬೈ ಸೈಡ್ ಒಂದೇ, ಉರುಳಿದ್ರೆ ಒಳಗಿನವರನ್ನ ಕಾಪಾಡೋ ಕಬ್ಬಿಣದ ಚೌಕಟ್ಟು (ರೋಲ್ ಕೇಜ್) ಇರೋದು, ಎಲ್ಲರೂ ಬೆಲ್ಟ್ ಹಾಕಿರಬೇಕು. ಡ್ರೈವರ್ ಆಟಗಾರ ಅಲ್ಲ, ಅವರ ಹತ್ತಿರ ಮಾರ್ಕರ್ ಇರಲ್ಲ, ಡ್ರೈವರ್ ಸುತ್ತ ಬಾಲ್ ತಡೆಯೋ ಫೀಲ್ಡ್ ನೆಟ್ ಕಟ್ಟಿರ್ತೀವಿ. ಗಾಡಿ ಓಡ್ತಿರೋವಾಗ ಎಲ್ಲ ಮಾರ್ಕರ್‌ಗೂ ಬಾಲ್ ಹೊರಗೆ ಬರದಂಗೆ ನಳಿಕೆ ಬಾಯಿ ಮುಚ್ಚೋ ಬ್ಯಾರೆಲ್ ಕವರ್ ಇರಬೇಕು, ನೆಲದ ಮೇಲಿನವರೂ ಓಡೋ ಗಾಡಿಗೆ ಹೊಡೆಯಂಗಿಲ್ಲ. ಗಾಡಿ ನಿಂತು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಆಗಿ, ಆಟ ನೋಡ್ಕೊಳ್ಳೋ ಮಾರ್ಷಲ್ ಸೀಟಿ ಊದಿದ ಮೇಲೇ ಕವರ್ ತೆಗೆಯೋದು. ಸ್ಪೀಡ್ ನಡಿಗೆಯಷ್ಟೇ, ಮುಂದೆ ಮಾರ್ಷಲ್ ನಡೀತಿರ್ತಾರೆ. ಬಾಲ್ ಸ್ಪೀಡಿನ ಮಿತಿ ಸೆಕೆಂಡಿಗೆ 260 ಅಡಿಗೆ ಇಳಿಸಿದ್ದೀವಿ. ಮಣ್ಣುದಾರಿ ಇಲ್ಲದ ಬೇರೆ ಜಾಗ ಹುಡುಕಿದ್ವಿ, ಓನರ್‌ಗೆ ಏನು ಆಡ್ತೀವಿ ಅಂತ ಬರೆದೇ ಕೊಟ್ಟು ಬರವಣಿಗೆಯಲ್ಲೇ ಒಪ್ಪಿಗೆ ತಗೊಂಡ್ವಿ, ಗಾಡಿ ಸೇರಿಸಿ ಆ ದಿನಕ್ಕೆ ಬೇರೆ ಇನ್ಶೂರೆನ್ಸ್ ಮಾಡಿಸ್ತೀವಿ.

ನನ್ನ ಗೆಳೆಯ ಹೋದ ತಿಂಗಳು ಮೊದಲ ಸಲ ವಾಪಸ್ ಬಂದ. ಆಡಲ್ಲ ಅಂದ, ಸೀಟಿ ಕೊಡಿ ಅಂದ. ಎರಡನೇ ರೌಂಡಲ್ಲಿ ಗಾಡಿ ಇನ್ನೂ ಪೂರ್ತಿ ನಿಂತಿರಲಿಲ್ಲ, ನನ್ನ ಕೈ ಬ್ಯಾರೆಲ್ ಕವರ್ ಮೇಲೆ ಹೋಯ್ತು, ಅವನು ಸೀಟಿ ಊದಿ ನನ್ನನ್ನ ಇಳಿಸಿದ. ಆ ರೌಂಡ್ ಮುಗಿಯೋವರೆಗೂ ನಾನು ಲೈನ್ ಆಚೆ ಕೂತಿದ್ದೆ.