‘ದಿ ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ಎರಡನೆಯ ಸಲ ಓದುವ ಬಗೆ

ಷೇಕ್ಸ್‌ಪಿಯರನ ಈ ನಾಟಕವನ್ನು ನಗೆಯಾಟವೆಂದು ಒಮ್ಮೆ ಓದಿ ಮುಗಿಸಿದವರು, ‘ನಾನು ಯಾರು’ ಎಂಬ ಪ್ರಶ್ನೆ ಅದರಲ್ಲಿ ಎಲ್ಲೆಲ್ಲಿ ತಲೆಯೆತ್ತುತ್ತದೆ ಎಂದು ಗಮನಿಸುತ್ತ ಮತ್ತೊಮ್ಮೆ ಓದಬೇಕು. ಅವನ ನಾಟಕಗಳಲ್ಲೆಲ್ಲ ಇದೇ ಚಿಕ್ಕದು. ಎರಡು ಸಂಜೆ ಸಾಕು.

ಮೊದಲು ಹಾಳೆಯೊಂದರ ಮೇಲೆ ಸಿರಾಕ್ಯೂಸ್, ಎಫೆಸಸ್ ಎಂದು ಎರಡು ಊರುಗಳ ಹೆಸರು ಬರೆದು, ಒಂದೊಂದರ ಕೆಳಗೂ ಒಬ್ಬ ಆಂಟಿಫೋಲಸ್, ಅವನ ಆಳು ಡ್ರೋಮಿಯೊ ಎಂದು ಗುರುತಿಸಿಕೊಳ್ಳಿ. ಹಡಗು ಒಡೆದು ಬೇರೆಯಾದ ಈ ಅವಳಿಗಳ ರೂಪವೂ ಹೆಸರೂ ಒಂದೇ ಆದ್ದರಿಂದ ಹಾಳೆಯಿಲ್ಲದೆ ಓದುಗರೇ ದಾರಿ ತಪ್ಪುತ್ತಾರೆ. ರೋಮಿನ ಪ್ಲಾಟಸ್ ಬರೆದ ‘ಮೆನೆಕ್ಮಿ’ಯಲ್ಲಿ ಇದ್ದದ್ದು ಒಂದೇ ಅವಳಿ ಜೋಡಿ, ಆಳುಗಳ ಜೋಡಿಯನ್ನೂ ಮರಣದಂಡನೆಗೆ ಗುರಿಯಾದ ಮುದಿ ತಂದೆ ಈಜಿಯನ್‌ನನ್ನೂ ಷೇಕ್ಸ್‌ಪಿಯರ್ ಸೇರಿಸಿದ. ಆದಕಾರಣ ಈಜಿಯನ್‌ನ ಉದ್ದನೆಯ ಮೊದಲ ಮಾತನ್ನು ಹಾರಿಸಬೇಡಿ. ದಿನ ಮುಗಿಯುವುದರೊಳಗೆ 1000 ಮಾರ್ಕ್ ಹಣ ಹೊಂದಿಸದಿದ್ದರೆ ಅವನ ತಲೆ ಹೋಗುತ್ತದೆಂಬ ಅಳುಕು ಮುಂದಿನ ನಗುವಿನ ಅಡಿಯಲ್ಲಿ ಉಳಿದೇ ಇರುತ್ತದೆ.

ಆಮೇಲೆ ‘ನೀರಹನಿ’ ಬಂದಲ್ಲೆಲ್ಲ ಗೆರೆ ಎಳೆಯಿರಿ. ಮೊದಲ ಅಂಕದ ಎರಡನೆಯ ದೃಶ್ಯದಲ್ಲಿ, ತಾಯಿಯನ್ನೂ ಒಡಹುಟ್ಟಿದವನನ್ನೂ ಹುಡುಕಿ ಬಂದ ಸಿರಾಕ್ಯೂಸಿನ ಆಂಟಿಫೋಲಸ್, ತಾನು ಕಡಲಿನಲ್ಲಿ ಇನ್ನೊಂದು ಹನಿಯನ್ನು ಅರಸುವ ಹನಿಯೆಂದೂ ಅರಸುತ್ತ ತನ್ನನ್ನೇ ಕಳೆದುಕೊಂಡೆನೆಂದೂ ಹೇಳುತ್ತಾನೆ. ಎರಡನೆಯ ಅಂಕದಲ್ಲಿ ಎಫೆಸಸ್ಸಿನ ಆಂಟಿಫೋಲಸ್‌ನ ಹೆಂಡತಿ ಏಡ್ರಿಯಾನಾ ಅದೇ ಹನಿಯನ್ನು ದಾಂಪತ್ಯಕ್ಕೆ ತರುತ್ತಾಳೆ: ಕಡಲಿಗೆ ಬಿದ್ದ ಹನಿಯನ್ನು ಒಂದಿಷ್ಟೂ ಹೆಚ್ಚುಕಡಿಮೆಯಾಗದಂತೆ ಮರಳಿ ತೆಗೆಯಬಹುದಾದರೆ, ನನ್ನಿಂದ ನಿನ್ನನ್ನೂ ಬೇರ್ಪಡಿಸಬಹುದು. ಆದರೆ ಎದುರಿಗಿರುವವನು ಅವಳ ಗಂಡನಲ್ಲ, ಗಂಡನ ಅವಳಿ. ಎರಡೂ ಮಾತುಗಳನ್ನು ಒಂದರ ಬೆನ್ನಿಗೊಂದು ಗಟ್ಟಿಯಾಗಿ ಓದಿ. ನನ್ನ ಮಟ್ಟಿಗೆ ನಾಟಕದ ಜೀವ ಇಲ್ಲಿದೆ. ತನ್ನವರಿಲ್ಲದೆ ತಾನೇ ಇಲ್ಲ ಎಂಬ ಸಂಕಟ ಇಬ್ಬರದೂ ಆಗಿದೆ.

ನಡುವಿನ ಹೊಡೆತ, ಚಿನ್ನದ ಸರ, ಸಾಲದ ಗೊಂದಲಗಳನ್ನು ವೇಗವಾಗಿ ಓದಬಹುದು. ಐದನೆಯ ಅಂಕದಲ್ಲಿ ಮಾತ್ರ ನಿಧಾನಿಸಿ. ತಾನು ಸಾಕಿದ ಸಿರಾಕ್ಯೂಸಿನ ಮಗನೆಂದು ತಪ್ಪಾಗಿ ತಿಳಿದು ಈಜಿಯನ್ ಕೂಗಿ ಕರೆದಾಗ, ಎಫೆಸಸ್ಸಿನ ಆಂಟಿಫೋಲಸ್ ತಾನು ತಂದೆಯನ್ನೇ ಕಂಡಿಲ್ಲ ಎನ್ನುತ್ತಾನೆ. ಅದು ನಿಜವೂ ಹೌದು. ದುಃಖ ಮುಖವನ್ನು ಬದಲಾಯಿಸಿರಬಹುದು, ದನಿಯಾದರೂ ಗುರುತು ಸಿಗದೇ ಎಂದು ಮುದುಕ ಕೇಳುವಲ್ಲಿ ಯಾರೂ ನಗಲಾರರು.

ಕೊನೆಯ ಸಾಲುಗಳನ್ನು ಇಬ್ಬರು ಎದುರುಬದುರು ನಿಂತು ಓದಿದರೆ ಚೆನ್ನ. ನೀನು ನನ್ನ ಒಡಹುಟ್ಟಿದವನಲ್ಲ, ನನ್ನ ಕನ್ನಡಿ, ನಾನು ಸುಂದರನೆಂದು ನಿನ್ನನ್ನು ನೋಡಿ ತಿಳಿಯಿತು ಎಂದು ದಿನವಿಡೀ ಏಟು ತಿಂದ ಎಫೆಸಸ್ಸಿನ ಡ್ರೋಮಿಯೊ ತನ್ನ ಅವಳಿಗೆ ಹೇಳುತ್ತಾನೆ; ಹಿರಿಯ ಯಾರೆಂದು ತೀರ್ಮಾನಿಸದೆ ಇಬ್ಬರೂ ಕೈ ಹಿಡಿದುಕೊಂಡೇ ಒಳಗೆ ಹೋಗುತ್ತಾರೆ.