ಕೇಬಲ್‌ನ ಆ ತುದಿಯಲ್ಲಿ ಏನಿದೆ?

ಸಣ್ಣ ವರ್ಕ್‌ಶಾಪ್‌ಗಳಿಗೆ, ಅಂಗಡಿಗಳಿಗೆ ಎಲೆಕ್ಟ್ರಾನಿಕ್ ಬೋರ್ಡ್ ಮಾಡಿಕೊಡುವುದು ನನ್ನ ಕೆಲಸ. ತೂಕದ ಯಂತ್ರದ ರೀಡಿಂಗನ್ನು ಬಿಲ್ಲಿಂಗ್ ಕಂಪ್ಯೂಟರಿಗೆ ಕಳಿಸುವುದು, ಪೀಣ್ಯದ ಕಡೆ ಪವರ್ ಪ್ರೆಸ್ ದಿನಕ್ಕೆ ಎಷ್ಟು ಪೀಸ್ ಹೊಡೆಯಿತು ಅಂತ ಎಣಿಸುವುದು, ಕೋಲ್ಡ್ ರೂಮಿನ ಟೆಂಪರೇಚರ್ ದಾಖಲಿಸುವುದು, ಇಂಥವು. ಒಳಗಿನ ಲೆಕ್ಕವನ್ನು ಯಾವ ಮೈಕ್ರೊಕಂಟ್ರೋಲರ್ (ಬೋರ್ಡನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಆದರೂ ಮಾಡುತ್ತದೆ. ತಲೆ ತಿನ್ನುವುದು ಆ ಲೆಕ್ಕವನ್ನು ಕಂಪ್ಯೂಟರಿಗೋ ನೆಟ್‌ವರ್ಕಿಗೋ ದಾಟಿಸುವ ಚಿಪ್.

ಅದಕ್ಕೇ ಡೇಟಾಶೀಟ್ ತೆರೆಯುವ ಮುಂಚೆ ನಾನು ಗಿರಾಕಿಯನ್ನು ಕೇಳುತ್ತೇನೆ: ಸಾರ್, ಕೇಬಲ್‌ನ ಆ ತುದಿಯಲ್ಲಿ ಏನಿದೆ? ವಿಂಡೋಸ್ 7 ಇರುವ ಹಳೇ ಪಿಸಿನಾ, ಹೊಸ ಲ್ಯಾಪ್‌ಟಾಪಾ? ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ? ನಮ್ಮ ಬೋರ್ಡ್ ಒಂದೇನಾ, ನಾಲ್ಕೈದು ಒಟ್ಟಿಗೆ ಹಾಕುತ್ತೀರಾ? ಇದಕ್ಕೆ ಉತ್ತರ ಸಿಕ್ಕರೆ ಚಿಪ್ ಮುಕ್ಕಾಲು ಪಾಲು ಆರಿಸಿದ ಹಾಗೆಯೇ.

ಯುಎಸ್‌ಬಿ ಸಾಕು ಅಂದವರಿಗೆ ಹೆಚ್ಚಾಗಿ ಸಿಎಚ್340 ಹಾಕುತ್ತೇನೆ. ಬೋರ್ಡಿನ ಸೀರಿಯಲ್ ಸಿಗ್ನಲನ್ನು ಯುಎಸ್‌ಬಿಗೆ ಬದಲಿಸುವ ಚಿಪ್ ಅದು. ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. 340ಜಿ ಅನ್ನುವುದಕ್ಕೆ ಹೊರಗೆ 12 ಮೆಗಾಹರ್ಟ್ಸ್ ಕ್ರಿಸ್ಟಲ್ (ಚಿಪ್‌ಗೆ ತಾಳ ಹಾಕುವ ಬಿಡಿಭಾಗ) ಬೇಕು. 340ಸಿಯಲ್ಲಿ ಆ ತಾಳ ಕೊಡುವ ಆಸಿಲೇಟರ್ ಒಳಗೇ ಇದೆ. ಕ್ರಿಸ್ಟಲ್, ಎರಡು ಕೆಪಾಸಿಟರ್, ಬೋರ್ಡಿನ ಜಾಗ ಎಲ್ಲ ಲೆಕ್ಕ ಹಾಕಿದರೆ ಸಿ ವಾಸಿ. ಎರಡೂ 16 ಕಾಲಿನವು. ಕಾಲುಗಳ ನಡುವೆ ಜಾಗ ಇರುವುದರಿಂದ ಕೈಯಲ್ಲೇ ಸೋಲ್ಡರ್ ಮಾಡಬಹುದು. ಇದೇ ಕೆಲಸ ಮಾಡುವ ಸಿಪಿ2102 ಒಳ್ಳೆ ಚಿಪ್, ಆದರೆ ಅದರ ಕಾಲುಗಳು ಹೊಟ್ಟೆಯ ಕೆಳಗೆ. ಬಿಸಿ ಗಾಳಿಯಿಂದ ಸೋಲ್ಡರ್ ಮಾಡುವ ಹಾಟ್ ಏರ್ ಯಂತ್ರ ಇಲ್ಲದವರಿಗೆ ಕಷ್ಟ. ಸಿಎಚ್340ಯಲ್ಲಿ ವಿ3 ಅನ್ನುವ ಕಾಲನ್ನು ಮಾತ್ರ ಗಮನಿಸಿ. 5 ವೋಲ್ಟ್ ಕೊಡುವಾಗ ಅದಕ್ಕೆ ಗ್ರೌಂಡ್ ಕಡೆಗೆ ಸಣ್ಣ ಕೆಪಾಸಿಟರ್ ಬೇಕು. 3.3 ವೋಲ್ಟ್‌ನಲ್ಲಿ ಓಡಿಸುವುದಾದರೆ ಅದನ್ನು ಚಿಪ್‌ಗೆ ವಿದ್ಯುತ್ ಬರುವ ವಿಸಿಸಿ ಕಾಲಿಗೇ ಜೋಡಿಸಬೇಕು.

ಅದೇ ಕೆಲಸದ ಇನ್ನೊಂದು ಚಿಪ್ ಎಫ್‌ಟಿ232ಆರ್‌ಎಲ್. ಅದಕ್ಕೆ ಹೆಸರು ದೊಡ್ಡದು, ಬೆಲೆ ಅದಕ್ಕಿಂತ ದೊಡ್ಡದು. ನಕಲಿಯೂ ಜಾಸ್ತಿ. 2014ರಲ್ಲಿ ಅಸಲಿ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ವಿಂಡೋಸ್ ಡ್ರೈವರ್ ನಕಲಿ ಚಿಪ್‌ಗಳ ಪ್ರಾಡಕ್ಟ್ ಐಡಿಯನ್ನೇ ಸೊನ್ನೆ ಮಾಡಿಬಿಟ್ಟಿತ್ತು. ಅಂಥ ಚಿಪ್ ಇದ್ದ ಸಾಧನಗಳನ್ನು ಕಂಪ್ಯೂಟರ್ ಗುರುತಿಸುವುದನ್ನೇ ನಿಲ್ಲಿಸಿತು. ಗಲಾಟೆಯಾಗಿ ಆ ಡ್ರೈವರನ್ನು ವಾಪಸ್ ತೆಗೆದುಕೊಂಡರು. ಚಿಪ್ ನಕಲಿ ಅಂತ ಪಾಪ ಅದನ್ನು ಕೊಂಡವನಿಗೆ ಹೇಗೆ ಗೊತ್ತಾಗಬೇಕು? ಅಸಲಿ ಎಫ್‌ಟಿ232 ಬೇಕೇ ಬೇಕು ಅಂದರೆ ನಾನು ಬಿಲ್ ಕೊಡುವ ಅಧಿಕೃತ ವಿತರಕರಿಂದಲೇ ತರಿಸುತ್ತೇನೆ.

ಬೇಕೇ ಬೇಕಾಗುವ ಸಂದರ್ಭವೂ ಇದೆ. ಎಫ್‌ಟಿ232ಆರ್‌ನ ಪ್ರತಿ ಚಿಪ್‌ಗೂ ಬೇರೆ ಬೇರೆ ಸೀರಿಯಲ್ ನಂಬರ್ ಇರುತ್ತದೆ. ಸಿಎಚ್340ಜಿಗೆ, 340ಸಿಗೆ ಅದಿಲ್ಲ. ಸೀರಿಯಲ್ ನಂಬರ್ ಇದ್ದರೆ ವಿಂಡೋಸ್ ಸಾಧನವನ್ನು ನೆನಪಿಟ್ಟುಕೊಳ್ಳುತ್ತದೆ. ಇಲ್ಲದಿದ್ದರೆ ಯಾವ ಯುಎಸ್‌ಬಿ ತೂತಿಗೆ ಚುಚ್ಚಿದ್ದೀರಿ ಅನ್ನುವುದನ್ನು ನೆನಪಿಟ್ಟುಕೊಳ್ಳುತ್ತದೆ. ಅಂಗಡಿಯಲ್ಲಿ ಕಸ ಗುಡಿಸುವವರು ಕೇಬಲ್ ಕಿತ್ತು ಪಕ್ಕದ ತೂತಿಗೆ ಹಾಕಿದರೆ ಕಾಮ್ 3 (ವಿಂಡೋಸ್ ಆ ಪೋರ್ಟ್‌ಗೆ ಕೊಟ್ಟ ನಂಬರ್) ಇದ್ದದ್ದು ಕಾಮ್ 7 ಆಗುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ ಕಾಮ್ 3 ಅಂತಲೇ ಹುಡುಕುತ್ತಿರುತ್ತದೆ. ನನಗೆ ಫೋನ್ ಬರುತ್ತದೆ: ‘ನಿಮ್ಮ ಮಿಷಿನ್ ಕೆಟ್ಟಿದೆ.’

ಇದರ ಇನ್ನೊಂದು ಮಗ್ಗುಲೂ ಇದೆ. ಬೋರ್ಡ್ ಸುಟ್ಟುಹೋಗಿ ಬದಲಿ ಕಳಿಸುವಾಗ ಸಿಎಚ್340 ವರವಾಗುತ್ತದೆ. ಹೊಸ ಬೋರ್ಡನ್ನು ಅದೇ ತೂತಿಗೆ ಹಾಕಿದರೆ ಕಾಮ್ ನಂಬರ್ ಅದೇ. ಕೊರಿಯರ್‌ನಲ್ಲಿ ಕಳಿಸಿ ಸುಮ್ನೆ ಇರಬಹುದು. ಎಫ್‌ಟಿ232 ಆದರೆ ಹೊಸ ನಂಬರ್ ಹುಟ್ಟುತ್ತದೆ, ಯಾರಾದರೂ ಸೆಟ್ಟಿಂಗ್ ಬದಲಿಸಬೇಕು. ಹಾಗಾಗಿ ಲ್ಯಾಪ್‌ಟಾಪ್ ಜೊತೆ ಓಡಾಡುವ ಸಾಧನಕ್ಕೆ ಸೀರಿಯಲ್ ನಂಬರ್ ಇರುವ ಚಿಪ್, ಒಂದೇ ಜಾಗದಲ್ಲಿ ಕೂತಿರುವುದಕ್ಕೆ ಸಿಎಚ್340. ಇದು ನನ್ನ ಲೆಕ್ಕ.

ಯುಎಸ್‌ಬಿ ಒಳಗೇ ಇರುವ ಮೈಕ್ರೊಕಂಟ್ರೋಲರ್ ಹಾಕಿದರೆ ಬೇರೆ ಚಿಪ್ಪೇ ಬೇಡ ಅಲ್ವಾ, ಅಂತ ಹುಡುಗರು ಕೇಳುತ್ತಾರೆ. ನಿಜ. ಒಂದು ಡಾಲರ್ ಬೆಲೆಗೆ ಬಂದ, ರಾಸ್‌ಬೆರಿ ಪೈಯವರ ಆರ್‌ಪಿ2040 ಮೈಕ್ರೊಕಂಟ್ರೋಲರ್‌ನಲ್ಲಿ ಯುಎಸ್‌ಬಿ ಇದೆ. ವಿಂಡೋಸ್ 10ರಿಂದ ಈಚೆಗೆ ಸಿಡಿಸಿ ಅನ್ನುವ ಈ ಬಗೆಯ ಪೋರ್ಟ್‌ಗೆ ಡ್ರೈವರ್ ಕೂಡ ತಾನೇ ಕೂರುತ್ತದೆ. ವಿಂಡೋಸ್ 7ರಲ್ಲಿ ಡ್ರೈವರ್ ಕೂರಿಸಲು ಐಎನ್‌ಎಫ್ ಫೈಲ್ ಕೊಡಬೇಕು, ಅಡ್ಮಿನ್ ಪಾಸ್‌ವರ್ಡ್ ಪ್ರಶ್ನೆ ಅಲ್ಲಿ ಬರುತ್ತದೆ. ಇನ್ನೊಂದು ತೊಡಕು ಮೊದಲಿಗೆ ಕಾಣುವುದಿಲ್ಲ. ಪಕ್ಕದ ಮೋಟಾರ್ ಸ್ಟಾರ್ಟ್ ಆಗಿ ಮೈಕ್ರೊಕಂಟ್ರೋಲರ್ ರೀಸೆಟ್ ಆಯಿತು ಅನ್ನಿ. ಪೋರ್ಟ್ ಕೂಡ ಅದರ ಜೊತೆಗೇ ಮಾಯವಾಗುತ್ತದೆ, ಅದನ್ನು ತೆರೆದು ಕೂತಿದ್ದ ಸಾಫ್ಟ್‌ವೇರ್ ಎರರ್ ಕೊಟ್ಟು ನಿಲ್ಲುತ್ತದೆ. ಪ್ರತ್ಯೇಕವಾಗಿ ಸಿಎಚ್340 ಇದ್ದರೆ ಪೋರ್ಟ್ ಹಾಗೇ ಇರುತ್ತದೆ, ಒಂದೆರಡು ರೀಡಿಂಗ್ ತಪ್ಪುತ್ತದೆ ಅಷ್ಟೇ. ಕಾರ್ಖಾನೆಯ ಬೋರ್ಡ್‌ನಲ್ಲಿ ನಾನು ಆ ಹೆಚ್ಚಿನ ಚಿಪ್‌ನ ಖರ್ಚನ್ನು ಉಳಿಸಲು ಹೋಗುವುದಿಲ್ಲ.

ನಿಮ್ಮದೇ ಹೆಸರಿನಲ್ಲಿ ವೆಂಡರ್ ಐಡಿ (ಸಾಧನ ಯಾವ ಕಂಪನಿಯದು ಅಂತ ಕಂಪ್ಯೂಟರಿಗೆ ಹೇಳುವ ನಂಬರ್) ಬೇಕು ಅಂದರೆ ಯುಎಸ್‌ಬಿ ಸಂಸ್ಥೆಗೆ 6,000 ಡಾಲರ್ ಕಟ್ಟಬೇಕು. ನಮ್ಮಂಥವರಿಗೆ ಅದು ಕನಸು. ಆರ್‌ಪಿ2040 ಹಾಕಿದ ಸಾಧನಗಳಿಗೆ ರಾಸ್‌ಬೆರಿ ಪೈ ತನ್ನ ಐಡಿಯ ಕೆಳಗೆ ಪುಕ್ಕಟೆ ನಂಬರ್ ಕೊಡುತ್ತದೆ.

ಈಗ ನೆಟ್‌ವರ್ಕ್. 2014ರಲ್ಲಿ ಇಎಸ್‌ಪಿ8266 ಅನ್ನುವ ವೈಫೈ ಚಿಪ್ ಬಂದ ಮೇಲೆ ಎಲ್ಲರೂ ವೈಫೈ ಕೇಳತೊಡಗಿದರು. ಇವತ್ತು ಹೊಸದಾಗಿ ಶುರು ಮಾಡುವುದಾದರೆ ಇಎಸ್‌ಪಿ32-ಸಿ3 ತೆಗೆದುಕೊಳ್ಳಿ. ಅದರಲ್ಲಿ ಯುಎಸ್‌ಬಿ ಸೀರಿಯಲ್ ಒಳಗೇ ಇದೆ. ಹಳೇ 8266 ಮಾಡ್ಯೂಲನ್ನು ಎಫ್‌ಟಿ232ನ 3.3 ವೋಲ್ಟ್ ಕಾಲಿನಿಂದ ಓಡಿಸಲು ನೋಡುವವರು ಈಗಲೂ ಇದ್ದಾರೆ. ಆ ಕಾಲು ಕೊಡುವುದು 50 ಮಿಲಿಆಂಪ್. ವೈಫೈ ಸಿಗ್ನಲ್ ಕಳಿಸುವಾಗ ಮಾಡ್ಯೂಲಿಗೆ ಅದರ ಮೂರು ಪಟ್ಟಿಗಿಂತ ಜಾಸ್ತಿ ಬೇಕು. 3.3 ವೋಲ್ಟ್ ಕೊಡುವ ಬೇರೆ ರೆಗ್ಯುಲೇಟರ್ ಹಾಕಲೇಬೇಕು. 8266, ಸಿ3 ಎರಡೂ ವೈಫೈನ 2.4 ಗಿಗಾಹರ್ಟ್ಸ್ ಮಾತ್ರ ಕೇಳುತ್ತವೆ. ಆಫೀಸಿನವರು ರೂಟರ್ ಬದಲಿಸಿ 5 ಗಿಗಾಹರ್ಟ್ಸ್ ಒಂದನ್ನೇ ಇಟ್ಟರೆ ನಮ್ಮ ಬೋರ್ಡ್ ಕಿವುಡಾಗುತ್ತದೆ. ಮಾರಾಟಕ್ಕೆ ಅಂತ ಮಾಡುವವರಿಗೆ ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗವಾದ ಡಬ್ಲ್ಯುಪಿಸಿಯ ಇಟಿಎ ಒಪ್ಪಿಗೆಯೂ ಬೇಕು. ಅದಕ್ಕೇ ಬಿಡಿ ಚಿಪ್ ಬಿಟ್ಟು ಒಪ್ಪಿಗೆ ಪಡೆದ ಸಿದ್ಧ ಮಾಡ್ಯೂಲನ್ನೇ ಕೊಳ್ಳುವುದು ಒಳ್ಳೆಯದು.

ವೆಲ್ಡಿಂಗ್, ಮೋಟಾರ್ ಇರುವ ಕಡೆ ನನಗೆ ತಂತಿಯ ಮೇಲೇ ನಂಬಿಕೆ. ಈಥರ್ನೆಟ್ ಚಿಪ್‌ಗಳಲ್ಲಿ ಇಎನ್‌ಸಿ28ಜೆ60 ಅಗ್ಗ, ಆದರೆ ಅದು ಈಥರ್ನೆಟ್ ಫ್ರೇಮನ್ನು (ತಂತಿಯಲ್ಲಿ ಬರುವ ಡೇಟಾದ ಕಟ್ಟನ್ನು) ತಂದು ಕೊಡುತ್ತದೆ ಅಷ್ಟೇ. ಡೇಟಾ ತಪ್ಪದೆ ತಲುಪುವಂತೆ ನೋಡಿಕೊಳ್ಳುವ ಟಿಸಿಪಿ ಕೆಲಸವೆಲ್ಲ ನಿಮ್ಮ ಮೈಕ್ರೊಕಂಟ್ರೋಲರ್ ತಲೆ ಮೇಲೆ. ಎಟಿಮೆಗಾ328 ಅನ್ನುವ ಮೈಕ್ರೊಕಂಟ್ರೋಲರ್‌ನಲ್ಲಿ ಇರುವುದೇ 2 ಕೆಬಿ ರ‍್ಯಾಮ್, ಒಂದು ಪೂರ್ತಿ ಫ್ರೇಮ್ 1518 ಬೈಟ್. ಆನೆಯನ್ನು ಆಟೋದಲ್ಲಿ ಕೂರಿಸಿದ ಹಾಗೆ. ಇನ್ನೊಂದು ಈಥರ್ನೆಟ್ ಚಿಪ್ ಡಬ್ಲ್ಯು5500 ಸ್ವಲ್ಪ ದುಬಾರಿ. ಆದರೆ ಟಿಸಿಪಿ ಅದರ ಒಳಗೇ ಇದೆ, ಎಂಟು ಸಾಕೆಟ್ (ಒಟ್ಟಿಗೆ ಎಂಟು ಸಂಪರ್ಕ), 32 ಕೆಬಿ ಬಫರ್. 28ಜೆ60 ಓಡುವುದು 10 ಎಂಬಿಪಿಎಸ್‌ನಲ್ಲಿ, ಇದು 100ರಲ್ಲಿ. ರಾತ್ರಿಯೆಲ್ಲ ಕೋಡ್ ತಿದ್ದುವ ಕೂಲಿ ಸೇರಿಸಿ ನೋಡಿ, ಇದೇ ಅಗ್ಗ. ಎರಡರಲ್ಲೂ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ನಂಬರ್) ಬರುವುದಿಲ್ಲ, ನೀವೇ ಕೊಡಬೇಕು. ಉದಾಹರಣೆ ಕೋಡ್‌ನಲ್ಲಿರುವ ವಿಳಾಸವನ್ನೇ ಎರಡು ಬೋರ್ಡಿಗೂ ಬಿಟ್ಟರೆ ಒಂದೇ ನೆಟ್‌ವರ್ಕ್‌ನಲ್ಲಿ ಎರಡೂ ಕಿತ್ತಾಡುತ್ತವೆ. ನಾನು 24ಎಎ02ಇ48 ಹಾಕುತ್ತೇನೆ. ಫ್ಯಾಕ್ಟರಿಯಲ್ಲೇ ಮ್ಯಾಕ್ ವಿಳಾಸ ಬರೆದು ಬರುವ ಪುಟ್ಟ ಈಪ್ರಾಮ್ (ಮೆಮೊರಿ ಚಿಪ್) ಅದು.

ಪ್ರೆಸ್‌ಗಳು ಸಾಲಾಗಿ ಇದ್ದರೆ ಪ್ರತಿಯೊಂದಕ್ಕೂ ಈಥರ್ನೆಟ್ ಬೇಡ. ಯಂತ್ರಗಳ ನಡುವೆ ಆರ್‌ಎಸ್485 ಅನ್ನುವ ಜೋಡಿ ತಂತಿಯ ಸೀರಿಯಲ್ ಸಾಲು ಎಳೆದು, ಆಫೀಸಿನ ಹತ್ತಿರ ಒಂದೇ ಒಂದು ಡಬ್ಲ್ಯು5500 ಬೋರ್ಡ್ ಇಟ್ಟರೆ ಆಯಿತು. ಆ ಸಾಲಿಗೆ ಜೋಡಿಸುವ ಚಿಪ್ 5 ವೋಲ್ಟ್ ಬೋರ್ಡಿಗೆ ಮ್ಯಾಕ್ಸ್485, 3.3 ವೋಲ್ಟ್‌ಗೆ ಮ್ಯಾಕ್ಸ್3485. ಒಂದೇ ಜೋಡಿ ತಂತಿಯ ಮೇಲೆ 32 ಬೋರ್ಡ್ ಕೂರಿಸಬಹುದು. 120 ಓಮ್ ರೆಸಿಸ್ಟರ್ ಸಾಲಿನ ಎರಡು ತುದಿಗೆ ಮಾತ್ರ. ಅಗ್ಗದ ಮಾಡ್ಯೂಲ್‌ಗಳಲ್ಲಿ ಅದು ಎಲ್ಲದರಲ್ಲೂ ಸೋಲ್ಡರ್ ಆಗಿಯೇ ಬರುತ್ತದೆ, ನಡುವಿನವುಗಳಿಂದ ಕಿತ್ತು ಹಾಕಿ.